ಕಾದಂಬರಿಯೂ ಓದುಗನ ಮನಸ್ಸೂ

ಕಾದಂಬರಿಯನ್ನು ಓದುವವನು ಹೊರನೋಟಕ್ಕೆ ಸುಮ್ಮನೆ ಕುಳಿತಂತೆ ಕಾಣುತ್ತಾನೆ. ಆದರೆ ಅವನ ಮನಸ್ಸು ಸುಮ್ಮನಿರುವುದಿಲ್ಲ. ಒಂದು ಪುಟದಲ್ಲಿ ನಗು, ಇನ್ನೊಂದರಲ್ಲಿ ಸಿಟ್ಟು, ಮತ್ತೊಂದರಲ್ಲಿ ಬೇಸರ. ‘ಇವನು ಹೀಗೇಕೆ ಮಾಡಿದ?’, ‘ಈ ವರ್ಣನೆ ಮುಗಿಯುವುದೆಂದು?’ ಎಂಬ ಮಾತುಗಳು ತಾವಾಗಿಯೇ ಹುಟ್ಟುತ್ತವೆ. ಇವು ಕ್ಷಣಿಕವೆಂದು ತಳ್ಳಿಹಾಕುವವರುಂಟು. ಆದರೆ ಬೆಳೆಗೆ ಮೊಳಕೆ ಹೇಗೋ ವಿಮರ್ಶೆಗೆ ಈ ಮಾತುಗಳು ಹಾಗೆ.

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ 1970ರಲ್ಲಿ ಪ್ರಕಟವಾಯಿತು. ಅದರಲ್ಲಿ ಬರುವ ಚೆನ್ನಿಗರಾಯನ ಮೇಲೆ ಸಿಟ್ಟಾಗದ ಓದುಗರು ವಿರಳ. ಸಿಟ್ಟು ಬಂದ ಕೂಡಲೇ ‘ಇವನು ಕೆಟ್ಟವನು’ ಎಂದು ನಿಲ್ಲಿಸಿದರೆ ಓದು ಅಲ್ಲಿಗೇ ನಿಂತಿತು. ಸಿಟ್ಟು ಬಂದದ್ದು ಎಲ್ಲಿಂದ ಎಂದು ಹಿಂದಿರುಗಿ ನೋಡಬೇಕು. ಶಾನುಭೋಗಿಕೆ ಗಂಡನದು, ಲೆಕ್ಕ ಬರೆಯುವ ದುಡಿಮೆ ಹೆಂಡತಿ ನಂಜಮ್ಮನದು. ಮನೆಯವರ ಹಸಿವಿಗಿಂತ ತನ್ನ ಊಟವೇ ಅವನಿಗೆ ದೊಡ್ಡದು. ಇಂಥ ನಡತೆಯನ್ನು ಒಂದೊಂದಾಗಿ ಕಾಣಿಸಿ ಲೇಖಕರು ಓದುಗನಲ್ಲಿ ಸಿಟ್ಟನ್ನು ಹುಟ್ಟಿಸಿದ್ದಾರೆ. ಅತ್ತೆ ಗಂಗಮ್ಮನ ಬೈಗುಳಗಳಿಗೆ ಮೊದಮೊದಲು ನಗು ಬರಬಹುದು. ಅವೇ ಮಾತುಗಳು ಸೊಸೆಯ ಬದುಕನ್ನು ಸುಡುವುದು ಕಂಡಾಗ ಆ ನಗು ತಾನಾಗಿ ಅಡಗುತ್ತದೆ.

ಬೇಸರವೂ ಪರೀಕ್ಷಿಸಬೇಕಾದ ಭಾವವೇ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕರಾವಳಿಯ ಮನೆತನವೊಂದರ ಮೂರು ತಲೆಮಾರುಗಳ ಕಥೆ. ಪಾರೋತಿ, ಸರಸೋತಿಯರ ಎಡೆಬಿಡದ ದುಡಿಮೆಯ ಪುಟಗಳನ್ನು ಹಾರಿಸಿಬಿಡೋಣವೆಂದು ಆತುರದ ಓದುಗನಿಗೆ ತೋರಬಹುದು. ಹಾರಿಸಿದವನಿಗೆ ಲಚ್ಚನು ಪೋಲು ಮಾಡಿದ ಹಣದ ನಿಜವಾದ ಬೆಲೆ ತಿಳಿಯದು. ಅವನ ಮಗ ರಾಮನು ಹಳ್ಳಿಗೆ ಹಿಂದಿರುಗುವುದರ ಅರ್ಥವೂ ಪೂರ್ಣವಾಗಿ ಹೊಳೆಯದು.

ಓದುಗನು ತನ್ನ ಬದುಕನ್ನು ಹೊರಗಿಟ್ಟು ಓದಲಾರ. ಸಿಂಧನೂರಿನ ಬಳಿಯ ಆರ್.ಎಚ್. ಕ್ಯಾಂಪುಗಳನ್ನು ಇಲ್ಲಿ ನೆನೆಯಬಹುದು. ಅಂದಿನ ಪೂರ್ವ ಪಾಕಿಸ್ತಾನವನ್ನು, ಎಂದರೆ 1971ರಲ್ಲಿ ಬಾಂಗ್ಲಾದೇಶವಾದ ನಾಡನ್ನು, ತೊರೆದು ಬಂದ ಬಂಗಾಳಿ ಕುಟುಂಬಗಳಿಗೆ ಅಲ್ಲಿ ಪುನರ್ವಸತಿ ದೊರೆಯಿತು. ಬಂಕಿಮಚಂದ್ರರ ಬಂಗಾಳಿ ಕಾದಂಬರಿಗಳನ್ನು ಬಿ. ವೆಂಕಟಾಚಾರ್ಯರು ಬಹು ಹಿಂದೆಯೇ ಕನ್ನಡಕ್ಕೆ ತಂದಿದ್ದರು. ಆ ಭಾಷೆಯನ್ನಾಡುವ ಮನೆಗಳ ಮಕ್ಕಳು ಈಗ ಕನ್ನಡ ಕಾದಂಬರಿಗಳನ್ನೂ ಓದಬಲ್ಲರು. ಅಂಥ ಮನೆಯ ಹುಡುಗಿಯೊಬ್ಬಳು ‘ಮರಳಿ ಮಣ್ಣಿಗೆ’ಯನ್ನು ಮುಗಿಸಿದಳೆನ್ನೋಣ. ‘ರಾಮನಿಗೆ ಮರಳಲು ಮಣ್ಣಿತ್ತು; ನಮ್ಮ ಅಜ್ಜನಿಗೆ ಎಲ್ಲಿತ್ತು?’ ಎಂಬ ಪ್ರಶ್ನೆ ಅವಳಲ್ಲಿ ಏಳಬಹುದು. ಇದು ಕಾರಂತರು ಕೇಳಿದ ಪ್ರಶ್ನೆಯಲ್ಲ. ಆದರೂ ವ್ಯರ್ಥವಾದುದಲ್ಲ, ಬಿಟ್ಟು ಬಂದ ಮಣ್ಣು, ತುಂಗಭದ್ರೆಯ ಕಾಲುವೆಯ ನೀರಿನಲ್ಲಿ ಬತ್ತ ಬೆಳೆಯುವ ಮಣ್ಣು, ಇವೆರಡರಲ್ಲಿ ತನ್ನದು ಯಾವುದೆಂದು ಅವಳು ಯೋಚಿಸುವಂತೆ ಮಾಡಿದ್ದು ಆ ಕಾದಂಬರಿಯೇ.

ಆದ್ದರಿಂದ ಓದುಗನು ಎರಡು ವಿಷಯಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು: ಕೃತಿ ಹೇಳಿದ್ದು ಯಾವುದು, ತನ್ನ ಬದುಕು ಅದಕ್ಕೆ ಕೂಡಿಸಿದ್ದು ಯಾವುದು. ತನ್ನದನ್ನೇ ಲೇಖಕನ ಮಾತೆನ್ನುವುದು ಕೃತಿಗೆ ಮಾಡುವ ಅನ್ಯಾಯ. ತನ್ನದನ್ನು ಪೂರ್ತಿ ಅಡಗಿಸಿ ಇತರರ ಅಭಿಪ್ರಾಯವನ್ನು ಒಪ್ಪಿಸುವುದು ತನಗೇ ಮಾಡಿಕೊಳ್ಳುವ ಅನ್ಯಾಯ. ಓದುವಾಗ ಹೊಳೆದುದನ್ನು ಪುಟದ ಸಂಖ್ಯೆಯೊಡನೆ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟು, ಕಾದಂಬರಿ ಮುಗಿದ ಮೇಲೆ ಮತ್ತೆ ನೋಡುವುದು ಒಳ್ಳೆಯ ಅಭ್ಯಾಸ. ಕೆಲವು ಮಾತುಗಳು ಆಗ ಬಿದ್ದುಹೋಗುತ್ತವೆ, ಕೆಲವು ಗಟ್ಟಿಯಾಗಿ ನಿಲ್ಲುತ್ತವೆ. ಹಾಗೆ ನಿಂತದ್ದೇ ಓದುಗನ ಸ್ವಂತ ಅಭಿಪ್ರಾಯ.