ಸ್ಟಿಯರಿಂಗ್ ಚಕ್ರದೊಳಗಿನ ಸುರುಳಿ

ಈಚಿನ ದಿನಗಳಲ್ಲಿ ಹೊಸ ಮೋಟಾರು ಕಾರನ್ನು ಕೊಳ್ಳಹೋಗುವ ಗೃಹಸ್ಥರು ಅಂಗಡಿಯವರನ್ನು ಕೇಳುವ ಮೊದಲ ಪ್ರಶ್ನೆಗಳಲ್ಲಿ, ಇದರಲ್ಲಿ ಏರ್‌ಬ್ಯಾಗುಗಳೆಷ್ಟು ಎಂಬುದೂ ಒಂದಾಗಿದೆ. ಬಣ್ಣವನ್ನೂ ಬೆಲೆಯನ್ನೂ ಮಾತ್ರ ವಿಚಾರಿಸುತ್ತಿದ್ದ ಜನರು ಪ್ರಾಣರಕ್ಷಣೆಯ ಸಾಧನವನ್ನು ವಿಚಾರಿಸತೊಡಗಿದರೆಂಬುದು ಸಂತೋಷಪಡತಕ್ಕ ವಿಷಯವೇ ಸರಿ. ಆದರೆ ಆ ಏರ್‌ಬ್ಯಾಗನ್ನು ಅರಳಿಸಬೇಕಾದ ವಿದ್ಯುತ್ತು ಯಾವ ದಾರಿಯಿಂದ ಬರುವುದು, ಕೊಂಡು ಹತ್ತು ವರ್ಷ ಕಳೆದ ಮೇಲೆಯೂ ಆ ದಾರಿ ತೆರೆದಿರುವುದೇ ಎಂದು ಕೇಳುವವರು ವಿರಳ. ಆ ದಾರಿಯಾದರೋ ಸ್ಟಿಯರಿಂಗ್ ಚಕ್ರದ ಹಿಂದೆ ಅಡಗಿರುವ, ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗಿನ ತೆಳುವಾದ ಪಟ್ಟಿ. ಕಣ್ಣಿಗೆ ಬೀಳದ ಆ ಪಟ್ಟಿಯ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕ ಮಹಾಶಯರ ಮುಂದಿಡುವುದು ಅವಶ್ಯವೆಂದು ನಮಗೆ ತೋರಿದೆ.

ಮೊದಲು ತೊಡಕೆಲ್ಲಿದೆಯೆಂಬುದನ್ನು ತಿಳಿಯತಕ್ಕದ್ದು. ಕಾರಿನ ಬ್ಯಾಟರಿಯೂ ತಂತಿಗಳೂ ಗಾಡಿಯ ಮೈಗೆ ಬಿಗಿದು ಕುಳಿತಿವೆ. ಸ್ಟಿಯರಿಂಗ್ ಚಕ್ರವಾದರೋ ಎಡಕ್ಕೂ ಬಲಕ್ಕೂ ಸುತ್ತುತ್ತದೆ. ಒಂದು ಕಡೆಯ ಕೊನೆಯಿಂದ ಇನ್ನೊಂದು ಕಡೆಯ ಕೊನೆಯವರೆಗೆ ಸಾಮಾನ್ಯವಾದ ಕಾರಿನಲ್ಲಿ ಸುಮಾರು ಮೂರು ಸುತ್ತು. ಅಲ್ಲಾಡದ ಕಡೆಯಿಂದ ಸುತ್ತುವ ಕಡೆಗೆ ಬರಿಯ ತಂತಿಯನ್ನು ಎಳೆದು ಕಟ್ಟಿದರೆ ಏನಾದೀತು? ಗೂಟಕ್ಕೆ ಕಟ್ಟಿದ ಹಸುವು ಒಂದೇ ದಿಕ್ಕಿಗೆ ಸುತ್ತುಬರುತ್ತ ಮೇದರೆ ಹಗ್ಗವೆಲ್ಲ ಗೂಟಕ್ಕೆ ಸುತ್ತಿಕೊಂಡು, ಕೊನೆಗೆ ಕತ್ತು ಎಳೆದು ನಿಲ್ಲುವುದನ್ನು ನಮ್ಮ ರೈತರೆಲ್ಲರೂ ಕಂಡಿದ್ದಾರೆ. ತಂತಿಯ ಗತಿಯೂ ಅದೇ. ಹಗ್ಗ ತಡೆದೀತು, ತಂತಿ ಕಡಿದೀತು.

ಹಿಂದಿನ ಕಾರುಗಳಲ್ಲಿ ಚಕ್ರದ ನಡುವೆ ಇದ್ದದ್ದು ಹಾರನ್ನಿನ ಗುಂಡಿಯೊಂದೇ. ಅದಕ್ಕೆ ಹಿತ್ತಾಳೆಯ ಬಳೆಯೊಂದನ್ನು ಚಕ್ರಕ್ಕೆ ಜೋಡಿಸಿ, ಅದರ ಮೈಯನ್ನು ಉಜ್ಜುತ್ತಿರುವಂತೆ ಒಂದು ಲೋಹದ ನಾಲಗೆಯನ್ನೋ ಇಂಗಾಲದ ತುಂಡನ್ನೋ ಇಟ್ಟರೆ ಸಾಕಾಗುತ್ತಿತ್ತು. ಬಳೆ ಎಷ್ಟು ಸುತ್ತಿದರೂ ನಾಲಗೆ ಅದನ್ನು ಮುಟ್ಟಿಕೊಂಡೇ ಇರುತ್ತಿತ್ತು. ಧೂಳೋ ತುಕ್ಕೋ ಸೇರಿ ಅರೆಕ್ಷಣ ಸಂಪರ್ಕ ತಪ್ಪಿದರೆ ಹಾರನ್ನು ಒಮ್ಮೆ ಕೊಸರಿ ಮತ್ತೆ ಕೂಗುತ್ತಿತ್ತು. ಅದರಿಂದ ಯಾರ ಪ್ರಾಣಕ್ಕೂ ಸಂಚಕಾರವಿರಲಿಲ್ಲ.

ಏರ್‌ಬ್ಯಾಗು ಬಂದ ಮೇಲೆ ಈ ಸಡಿಲಿಕೆಗೆ ಆಸ್ಪದವುಳಿಯಲಿಲ್ಲ. ಕಾರಿನಲ್ಲಿ ಉಬ್ಬುವ ದಿಂಬನ್ನಿಡುವ ಕಲ್ಪನೆಗೆ ಅಮೆರಿಕದ ಜಾನ್ ಹೆಟ್ರಿಕ್ ಎಂಬವರು 1953ನೆಯ ಇಸವಿಯಲ್ಲಿಯೇ ಪೇಟೆಂಟ್ ಪಡೆದರು. 1981ರಲ್ಲಿ ಜರ್ಮನಿಯ ಮರ್ಸಿಡಿಸ್-ಬೆಂಜ್ ಸಂಸ್ಥೆಯವರು ತಮ್ಮ ದೊಡ್ಡ ಕಾರಿನಲ್ಲಿ ಚಾಲಕನ ಏರ್‌ಬ್ಯಾಗನ್ನು ಕೊಡತೊಡಗಿದರು. 1991ರಲ್ಲಿ ಅಮೆರಿಕವು ಶಾಸನಮಾಡಿ, ಆ ದಶಕದ ಕೊನೆಯೊಳಗಾಗಿ ಎಲ್ಲ ಹೊಸ ಕಾರುಗಳಲ್ಲಿಯೂ ಮುಂದಿನ ಎರಡು ಏರ್‌ಬ್ಯಾಗುಗಳಿರತಕ್ಕದ್ದೆಂದು ವಿಧಿಸಿತು. ಇದರ ಕೆಲಸವು ರೆಪ್ಪೆ ಬಡಿಯುವುದಕ್ಕಿಂತಲೂ ಶೀಘ್ರವಾದದ್ದು. ಘಾತವನ್ನು ಅರಿತ ಗಣಕಯಂತ್ರವು ವಿದ್ಯುತ್ತನ್ನು ಕಳುಹಿಸಿ, ಪುಟ್ಟದೊಂದು ಸ್ಫೋಟಕಕ್ಕೆ ಕಿಡಿ ಮುಟ್ಟಿಸಿ, ಸೆಕೆಂಡಿನ ನೂರರಲ್ಲಿ ಮೂರು ಪಾಲು ಎನ್ನುವಷ್ಟರಲ್ಲಿ ಚೀಲವನ್ನು ತುಂಬಿಸಬೇಕು. ಆ ಗಳಿಗೆಯಲ್ಲಿ ನಾಲಗೆಯು ಬಳೆಯನ್ನು ಬಿಟ್ಟು ಹಾರಿದ್ದರೆ ಎರಡನೆಯ ಅವಕಾಶವೆಂಬುದಿಲ್ಲ. ಇಷ್ಟೇ ಅಲ್ಲ, ಗಾಡಿ ಓಡುತ್ತಿರುವಷ್ಟು ಕಾಲವೂ ಆ ಗಣಕಯಂತ್ರವು ದಾರಿ ನೆಟ್ಟಗಿದೆಯೇ ಎಂದು ಪರೀಕ್ಷಿಸುತ್ತಲೇ ಇರುತ್ತದೆ. ಉಜ್ಜುವ ಸಂಪರ್ಕವು ಕೊಡುವ ಏರಿಳಿತವನ್ನು ಅದು ದೋಷವೆಂದೇ ಎಣಿಸುವುದು.

ಆದುದರಿಂದ ಯಂತ್ರಶಿಲ್ಪಿಗಳು ಉಜ್ಜುವುದನ್ನೇ ಕೈಬಿಟ್ಟು, ಎಲ್ಲಿಯೂ ಕಡಿಯದ ತಂತಿಯನ್ನೇ ಕೊಡುವ ಉಪಾಯವನ್ನು ಹೂಡಿದರು. ತೆಳುವಾದ ತಾಮ್ರದ ಎಳೆಗಳನ್ನು ಪ್ಲಾಸ್ಟಿಕ್ಕಿನ ನಡುವೆ ಹುದುಗಿಸಿ ಚಪ್ಪಟೆಯಾದ ರಿಬ್ಬನ್ನಿನಂತೆ ಮಾಡಿ, ಅದನ್ನು ದುಂಡಗಿನ ಡಬ್ಬಿಯೊಳಗೆ ಸಡಿಲವಾಗಿ ಸುತ್ತಿಟ್ಟರು. ಪಟ್ಟಿಯ ಹೊರತುದಿ ಅಲ್ಲಾಡದ ಕಂಬಕ್ಕೆ, ಒಳತುದಿ ತಿರುಗುವ ಚಕ್ರಕ್ಕೆ. ಚಕ್ರವನ್ನು ಒಂದು ಕಡೆಗೆ ತಿರುಗಿಸಿದರೆ ಸುರುಳಿ ಬಿಗಿಯುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ಸಡಿಲುತ್ತದೆ. ಸಂಪರ್ಕವು ಒಂದು ಕ್ಷಣವೂ ತಪ್ಪದು. ಗಡಿಯಾರದೊಳಗಿನ ಸುರುಳಿಯನ್ನು ಹೋಲುವುದರಿಂದ ಇದಕ್ಕೆ ಕ್ಲಾಕ್‌ಸ್ಪ್ರಿಂಗ್ ಎಂದು ಹೆಸರಾಯಿತು. ಜಪಾನಿನ ಕಂಪೆನಿಗಳವರು ಸ್ಪೈರಲ್ ಕೇಬಲ್ ಎನ್ನುವರು. ಇಂದು ಹಾರನ್ನು, ರೇಡಿಯೋ, ಟೆಲಿಫೋನು, ವೇಗವನ್ನು ಒಂದೇ ಸಮನೆ ಹಿಡಿದಿಡುವ ಗುಂಡಿ, ಇವೆಲ್ಲಕ್ಕೂ ಇದೇ ಮಾರ್ಗ.

ಉಪಾಯ ಸೊಗಸಾದದ್ದು, ಆದರೆ ಅದಕ್ಕೊಂದು ಮಿತಿಯುಂಟು. ಸುರುಳಿಯಲ್ಲಿರುವುದು ಎಣಿಸಿಟ್ಟ ಸುತ್ತುಗಳು ಮಾತ್ರ. ಚಕ್ರವನ್ನು ಬಿಚ್ಚಿದಾಗ ಡಬ್ಬಿಯನ್ನು ಸರಿಯಾದ ನಡುಮಧ್ಯದಲ್ಲಿ ನಿಲ್ಲಿಸಿ, ಗುರುತುಗಳನ್ನು ಕೂಡಿಸಿ ಮರಳಿ ಜೋಡಿಸದಿದ್ದರೆ, ಒಂದು ಕಡೆಗೆ ಸುತ್ತು ಸಾಲದೆ ಪಟ್ಟಿಯು ಹರಿಯುವುದು. ಸರಿಯಾಗಿ ಜೋಡಿಸಿದರೂ ದಿನಕ್ಕೆ ನೂರಾರು ಸಲ ಬಳುಕುವ ವಸ್ತುವಿಗೆ ಸವೆತ ತಪ್ಪಿದ್ದಲ್ಲ.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ದೊಡ್ಡ ದೊಡ್ಡ ಸಂಸ್ಥೆಗಳ ನಡವಳಿಕೆಯೇ ಸಾಕ್ಷಿ. 2014ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಟೊಯೋಟಾ ಸಂಸ್ಥೆಯವರು ಬೇರೆ ಬೇರೆ ದೋಷಗಳಿಗಾಗಿ ಪ್ರಪಂಚದಾದ್ಯಂತ ಅರುವತ್ತು ಲಕ್ಷಕ್ಕೂ ಮಿಕ್ಕ ಗಾಡಿಗಳನ್ನು ಹಿಂದಕ್ಕೆ ಕರೆದರು. ಅವುಗಳಲ್ಲಿ ಸುಮಾರು 35 ಲಕ್ಷ ಗಾಡಿಗಳ ದೋಷವು ಈ ಸುರುಳಿಯದೇ ಆಗಿತ್ತು. ಚಕ್ರವನ್ನು ತಿರುಗಿಸುವಾಗ ಅದಕ್ಕೆ ಪೆಟ್ಟಾಗಿ, ಚಾಲಕನ ಏರ್‌ಬ್ಯಾಗು ಅರಳದೆ ಹೋಗಬಹುದೆಂದು ಸಂಸ್ಥೆಯೇ ಸಾರಿತು. ಈ ಕರೆಯು ನಮ್ಮ ನಾಡಿಗೂ ಬಂದಿತು. ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯಲ್ಲಿ ಕಾರ್ಖಾನೆಯುಳ್ಳ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯವರು ಸುಮಾರು 45,000 ಇನ್ನೋವಾ ಮತ್ತು ಫಾರ್ಚೂನರ್ ಗಾಡಿಗಳನ್ನು ಇದಕ್ಕಾಗಿಯೇ ಕರೆದು, ಭಾಗವನ್ನು ಪುಕ್ಕಟೆಯಾಗಿ ಬದಲಿಸಲು ಮುಂದಾದರು. ಮರುವರ್ಷ ಫೋಕ್ಸ್‌ವ್ಯಾಗನ್ ಸಂಸ್ಥೆಯು ಅಮೆರಿಕದಲ್ಲಿ ಸುಮಾರು 4,20,000 ಕಾರುಗಳನ್ನು ಕರೆಯಿತು. ಕಸಕಡ್ಡಿ ಒಳಸೇರಿ ಸುರುಳಿಯ ಪಟ್ಟಿ ಹರಿಯುವ ಸಂಭವವಿತ್ತು. 2016ರಲ್ಲಿ ಜೀಪ್ ರ್ಯಾಂಗ್ಲರ್ ಗಾಡಿಗಳ ಸರದಿ. 2007ರಿಂದ 2010ರವರೆಗಿನ ಮಾದರಿಯ ಸುಮಾರು ಐದು ಲಕ್ಷ ಗಾಡಿಗಳಲ್ಲಿ ಧೂಳು ನುಗ್ಗಿ ಇದೇ ಸುರುಳಿ ಕೆಡಬಹುದೆಂದು ಕಂಡುಬಂದಿತು. ತಪ್ಪನ್ನು ಒಪ್ಪಿ ತಿದ್ದಲು ಮುಂದೆ ಬಂದವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಹೇಳತಕ್ಕದ್ದೇನೆಂದರೆ, ಬಹುಕಾಲದ ಅನುಭವವುಳ್ಳ ಕಾರ್ಖಾನೆಗಳನ್ನೇ ತಡವರಿಸುವಂತೆ ಮಾಡಿದ ಭಾಗವಿದು. ಧೂಳೇ ಇದರ ಶತ್ರುವಾದ ಪಕ್ಷಕ್ಕೆ, ಸಂಡೂರಿನ ಗಣಿಯ ರಸ್ತೆಗಳಲ್ಲಿಯೂ ಬೇಸಗೆಯ ಬಯಲುಸೀಮೆಯಲ್ಲಿಯೂ ಓಡುವ ಗಾಡಿಗಳ ವಿಷಯವಾಗಿ ನಾವು ಇನ್ನೂ ಹೆಚ್ಚು ಎಚ್ಚರದಿಂದಿರಬೇಕಲ್ಲವೆ?

ಸಮಾಧಾನದ ಸಂಗತಿಯೆಂದರೆ, ಈ ಸುರುಳಿಯು ಕಡಿದಾಗ ಅದು ಗುಟ್ಟಾಗಿ ಉಳಿಯುವುದಿಲ್ಲ. ಹಾರನ್ನು ಮೂಕವಾಗಬಹುದು, ಚಕ್ರದ ಮೇಲಿನ ಗುಂಡಿಗಳು ಜಡವಾಗಬಹುದು, ತಿರುಗಿಸುವಾಗ ಒಳಗೆ ಕೆರೆಯುವ ಸದ್ದು ಕೇಳಬಹುದು. ಇವೆಲ್ಲಕ್ಕಿಂತ ಮುಖ್ಯವಾಗಿ, ಚಾಲಕನ ಎದುರಿನ ಫಲಕದಲ್ಲಿ ಏರ್‌ಬ್ಯಾಗಿನ ಚಿತ್ರವುಳ್ಳ ದೀಪವು ಹತ್ತಿಕೊಂಡು ಆರದೆ ನಿಲ್ಲುವುದು. ಆ ದೀಪವು ಸುಳ್ಳು ಹೇಳದ ಸೇವಕ. ಕೀಲಿಯನ್ನು ತಿರುಗಿಸಿದೊಡನೆ ಕೆಲವು ಕ್ಷಣ ಹತ್ತಿ, ಎಲ್ಲವೂ ಕ್ಷೇಮವಾಗಿದ್ದರೆ ತಾನಾಗಿ ಆರುವುದು ಅದರ ಧರ್ಮ.

ಇನ್ನು ವಿಷಾದದ ಸಂಗತಿಗೆ ಬರುವೆವು. ದೀಪ ಹತ್ತಿದ ಗಾಡಿಯನ್ನು ರಿಪೇರಿಗೆ ಒಯ್ದಾಗ ಎಲ್ಲೆಡೆಯೂ ಸುರುಳಿಯನ್ನು ಬದಲಿಸುವುದಿಲ್ಲ. ಹೊಸ ಭಾಗಕ್ಕೆ ಕೆಲವು ಸಾವಿರ ರೂಪಾಯಿಗಳಾಗುತ್ತವೆ. ದೀಪವನ್ನು ಆರಿಸುವುದಕ್ಕೆ ಅಷ್ಟು ಬೇಕಾಗಿಲ್ಲ. ಕೆಲವರು ದೀಪವನ್ನೇ ಕಿತ್ತುಬಿಡುವರು. ಇನ್ನು ಕೆಲವರು ಗಣಕಯಂತ್ರಕ್ಕೆ ದಾರಿ ಸರಿಯಾಗಿದೆಯೆಂಬ ಭ್ರಾಂತಿ ಹುಟ್ಟಿಸುವ ಪುಟ್ಟ ತುಂಡನ್ನು ತಂತಿಗೆ ಸೇರಿಸಿ ಕೈತೊಳೆದುಕೊಳ್ಳುವರು. ಗಾಡಿಯನ್ನು ಮಾರಬೇಕೆಂದಿರುವವನಿಗಂತೂ ಇದು ಅನುಕೂಲವೇ. ಕಾವಲು ನಾಯಿಯ ಬಾಯನ್ನು ಕಟ್ಟಿ, ಬೊಗಳುವ ಸದ್ದಿಲ್ಲವಾದುದರಿಂದ ಕಳ್ಳರಿಲ್ಲವೆಂದು ಮಲಗುವ ಜಾಣತನವಿದು! ದೀಪವನ್ನು ಆರಿಸುವುದು ರಿಪೇರಿಯಲ್ಲ. ಅದು ಮುಂದೆ ಆ ಆಸನದಲ್ಲಿ ಕೂಡುವವನಿಗೆ ಮಾಡುವ ವಂಚನೆ.

ಆ ಆಸನದಲ್ಲಿ ಕೂಡುವವನು ಯಾರು? ಇಲ್ಲಿಯೇ ಈ ವಿಷಯದ ಮರ್ಮವಿದೆ. ಪಕ್ಕದಲ್ಲಿ ಕೂಡುವವರ ಏರ್‌ಬ್ಯಾಗು ಅಲ್ಲಾಡದ ಫಲಕದೊಳಗಿರುವುದರಿಂದ ಅದರ ತಂತಿಗೆ ಈ ಸುರುಳಿಯ ಹಂಗಿಲ್ಲ. ಸುರುಳಿ ಕಡಿದರೆ ಮೊದಲು ಕಾವಲು ತಪ್ಪುವುದು ಚಾಲಕನೊಬ್ಬನಿಗೆ. ನಮ್ಮ ಬಾಡಿಗೆ ಗಾಡಿಗಳಲ್ಲಿ ಬಹುಮಟ್ಟಿಗೆ ಯಜಮಾನನೊಬ್ಬ, ಚಕ್ರದ ಹಿಂದೆ ಕೂಡುವವನೊಬ್ಬ. ಹಣವನ್ನು ಉಳಿಸುವವನು ಮನೆಯಲ್ಲಿರುವನು; ಅಪಾಯವನ್ನು ಹೊರುವವನು ರಾತ್ರಿಯೆಲ್ಲ ಹೆದ್ದಾರಿಯಲ್ಲಿರುವನು. ದೀಪ ಆರಿದುದನ್ನು ನೋಡಿ ಎಲ್ಲವೂ ಸರಿಯಾಗಿದೆಯೆಂದು ನಂಬಿ ಗಾಡಿ ಹತ್ತುವ ಆ ಬಡ ಚಾಲಕನಿಗೆ, ತನ್ನ ಎದೆಯ ಮುಂದಿನ ಏರ್‌ಬ್ಯಾಗು ಹೆಸರಿಗೆ ಮಾತ್ರ ಇದೆಯೆಂಬುದನ್ನು ಹೇಳುವವರಾರು?

ಅಷ್ಟು ಹಣ ಎಲ್ಲಿಂದ ತರುವುದೆಂದು ಸಣ್ಣ ಯಜಮಾನರು ಕೇಳಬಹುದು. ಕಂತಿನ ಸಾಲದಲ್ಲಿ ಗಾಡಿ ಇಟ್ಟವರ ಕಷ್ಟವನ್ನು ನಾವು ಅರಿಯದವರಲ್ಲ. ಆದರೆ ಬ್ರೇಕು ಕೆಟ್ಟ ಗಾಡಿಯನ್ನು ಹಣವಿಲ್ಲವೆಂದು ರಸ್ತೆಗೆ ಬಿಡುವೆವೆ? ಟೈರು ಸವೆದರೆ ಬಣ್ಣ ಬಳಿದು ಹೊಸದೆನ್ನುವೆವೆ? ಹಣ ಕೂಡುವವರೆಗೆ ದೀಪವು ಉರಿಯುತ್ತಲಾದರೂ ಇರಲಿ. ಚಾಲಕನಿಗೆ ನಿಜವಾದರೂ ತಿಳಿದಿರಲಿ. ಕಾರ್ಖಾನೆಯ ದೋಷಕ್ಕಾಗಿ ಸಂಸ್ಥೆಯೇ ಗಾಡಿಯನ್ನು ಕರೆದಿದ್ದ ಪಕ್ಷದಲ್ಲಿ ಖರ್ಚೇ ಇಲ್ಲ. ಕೇಳಿ ತಿಳಿದುಕೊಳ್ಳುವಷ್ಟು ಶ್ರಮ ಮಾತ್ರ.

ಸರಕಾರದವರ ಕರ್ತವ್ಯವನ್ನೂ ಹೇಳದೆ ಬಿಡಲಾಗದು. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಚಾಲಕನ ಏರ್‌ಬ್ಯಾಗು ಕಡ್ಡಾಯವಾಯಿತು. ಬಹಳ ಒಳ್ಳೆಯದಾಯಿತು. ಆದರೆ ಸ್ವಂತ ಕಾರಿನ ನೋಂದಣಿಯ ಅವಧಿ 15 ವರ್ಷ. ಆ ದಿನ ನೋಂದಣಿಯಾದ ಕಾರು ನವೀಕರಣದ ಪರೀಕ್ಷೆಗೆ ನಿಲ್ಲಬೇಕಾದದ್ದು 2034ರಲ್ಲಿ! ಅಲ್ಲಿಯವರೆಗೆ ಒಳಗಿನ ಸುರುಳಿ ನೆಟ್ಟಗಿದೆಯೇ ಎಂದು ಕೇಳುವವರಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಶಾಸನವು ದೋಷವುಳ್ಳ ಗಾಡಿಗಳನ್ನು ಹಿಂದಕ್ಕೆ ಕರೆಯಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ಆದರೆ 2021ರಲ್ಲಿ ಹೊರಟ ನಿಯಮಗಳು ಅದನ್ನು ಏಳು ವರ್ಷ ಮೀರದ ಗಾಡಿಗಳಿಗೆ ಸೀಮಿತಗೊಳಿಸಿದವು. ಮೇಲೆ ಹೇಳಿದ ಜೀಪುಗಳ ದೋಷವು ಹೊರಬಿದ್ದಾಗ ಅವುಗಳ ವಯಸ್ಸು ಆರರಿಂದ ಒಂಬತ್ತು ವರ್ಷ. ಬಳುಕಿ ಬಳುಕಿ ಸವೆಯುವ ಭಾಗದ ದೋಷವು ತಡವಾಗಿ ಕಾಣಿಸಿಕೊಳ್ಳುವುದೇ ಸಹಜವಾಗಿರುವಾಗ, ಏಳು ವರ್ಷದ ಗೆರೆಯು ಯಾರನ್ನು ಕಾಪಾಡೀತು?

ಆದ್ದರಿಂದ ಮೂರು ಕೆಲಸಗಳು ಆಗತಕ್ಕದ್ದು. ಬಾಡಿಗೆ ಗಾಡಿಗಳ ಅರ್ಹತಾ ಪರೀಕ್ಷೆಯಲ್ಲಿ, ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪವು ಹತ್ತಿ ಆರುವುದೇ ಎಂಬುದನ್ನು ತಪ್ಪದೆ ನೋಡಬೇಕು. ದೀಪವೇ ಹತ್ತದಿದ್ದರೆ ಒಳಗೆ ಕೈಯಾಡಿಸಿದ್ದಾರೆಂದು ತಿಳಿದು ಬಿಚ್ಚಿ ಪರೀಕ್ಷಿಸಬೇಕು. ಗಾಡಿಯು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ವರ್ಗವಾಗುವಾಗ, ಸಂಸ್ಥೆಯ ಕರೆಗಳಾವುವಾದರೂ ಬಾಕಿಯಿವೆಯೇ ಎಂಬುದನ್ನು ಕಾಗದದಲ್ಲಿ ಬರೆದು ಕೊಳ್ಳುವವನಿಗೆ ತಿಳಿಸಬೇಕು. ಪ್ರಾಣರಕ್ಷಣೆಯ ಭಾಗಗಳ ವಿಷಯದಲ್ಲಿ ಏಳು ವರ್ಷದ ಗೆರೆಯನ್ನು ತೆಗೆದುಹಾಕಬೇಕು. ಇವುಗಳಲ್ಲಿ ಯಾವುದಕ್ಕೂ ಬೊಕ್ಕಸ ಬರಿದಾಗದು, ಮನಸ್ಸು ಬೇಕು.

ಸರಕಾರವು ಎಚ್ಚರಗೊಳ್ಳುವವರೆಗೆ ವಾಚಕರು ಸುಮ್ಮನಿರಬೇಕಾಗಿಲ್ಲ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆ ಫಲವೇನು? ಹಳೆಯ ಕಾರನ್ನು ಕೊಳ್ಳುವವರು ಮೊದಲು ಕೀಲಿಯನ್ನು ತಿರುಗಿಸಿ ಆ ದೀಪವನ್ನು ನೋಡಲಿ. ದೀಪ ಆರದಿದ್ದರೂ ಹತ್ತದಿದ್ದರೂ ಕಾರಣವನ್ನು ಕೇಳಲಿ. ಸ್ಟಿಯರಿಂಗಿನ ಕೆಲಸ ಮಾಡಿಸಿದವರು, ಸುರುಳಿಯನ್ನು ನಡುಮಧ್ಯಕ್ಕೆ ನಿಲ್ಲಿಸಿದಿರಾ ಎಂದು ಮೇಸ್ತ್ರಿಯನ್ನು ವಿಚಾರಿಸಲಿ. ಬ್ಯಾಟರಿಯನ್ನು ಬಿಡಿಸದೆ ಆ ಚಕ್ರಕ್ಕೆ ಕೈಹಾಕಲು ಯಾರಿಗೂ ಬಿಡದಿರಲಿ. ಏರ್‌ಬ್ಯಾಗನ್ನು ನೆಚ್ಚಿ ಸೀಟು ಬೆಲ್ಟನ್ನು ಮರೆಯದಿರಲಿ. ಏರ್‌ಬ್ಯಾಗು ಅದಕ್ಕೆ ಸಹಾಯಕವೇ ಹೊರತು ಬದಲಿಯಲ್ಲ. ಬಾಡಿಗೆ ಗಾಡಿಗಳ ಯಜಮಾನರಾದರೋ, ತಮ್ಮ ಚಾಲಕನು ಬಂದು ದೀಪ ಹತ್ತಿದೆಯೆಂದು ಹೇಳಿದ ದಿನ ಆ ಮಾತನ್ನು ದುಡ್ಡಿನ ಮಾತೆಂದು ತಳ್ಳಿಹಾಕದೆ, ಆತನ ಪ್ರಾಣದ ಮಾತೆಂದು ಕೇಳಿಸಿಕೊಳ್ಳಲಿ.