ಗೊರಸಿನಲ್ಲಿ ಅಡಗಿದ ಆಯುಸ್ಸು

ಹದಿಮೂರನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತದ ಪೂರ್ವ ಕರಾವಳಿಯನ್ನು ಕಂಡ ವೆನಿಸ್ಸಿನ ಯಾತ್ರಿಕ ಮಾರ್ಕೋ ಪೋಲೋ ಒಂದು ವಿಚಿತ್ರ ಸಂಗತಿಯನ್ನು ಹೇಳಿದ್ದಾನೆ. ಅಲ್ಲಿನ ಅರಸರು ಅರಬ್ ನಾಡುಗಳಿಂದ ವರ್ಷವರ್ಷವೂ ಸಾವಿರಾರು ಕುದುರೆಗಳನ್ನು ಅಪಾರ ಬೆಲೆ ತೆತ್ತು ತರಿಸುತ್ತಿದ್ದರಂತೆ; ವರ್ಷ ತುಂಬುವಷ್ಟರಲ್ಲಿ ಅವುಗಳಲ್ಲಿ ಬಹುಪಾಲು ಸಾಯುತ್ತಿದ್ದುವಂತೆ. ಆರೈಕೆ ಬಲ್ಲವರು ಅಲ್ಲಿರಲಿಲ್ಲ. ಬಲ್ಲವರು ಅಲ್ಲಿಗೆ ಹೋಗದಂತೆ ಕುದುರೆಯ ವರ್ತಕರೇ ತಡೆಯುತ್ತಿದ್ದರೆಂದು ಆತನ ಮಾತು. ಸತ್ತಷ್ಟೂ ಮಾರಾಟ ತಾನೆ! ಕುದುರೆಗಿಂತ ಕುದುರೆಯನ್ನು ಸಾಕುವ ವಿದ್ಯೆಯೇ ಹೆಚ್ಚಿನದೆಂಬುದನ್ನು ಆ ವರ್ತಕರು ಚೆನ್ನಾಗಿ ಅರಿತಿದ್ದರು.

ಆ ವಿದ್ಯೆಗೆ ನಮ್ಮಲ್ಲಿ ಗ್ರಂಥಗಳಿಲ್ಲದೆ ಇಲ್ಲ. ಸಂಸ್ಕೃತದಲ್ಲಿ ಶಾಲಿಹೋತ್ರನ ಹೆಸರು ಅಶ್ವಶಾಸ್ತ್ರಕ್ಕೇ ಪರ್ಯಾಯವಾಗಿದೆ. ಕನ್ನಡದಲ್ಲಿ ಅಭಿನವಚಂದ್ರನು ‘ಅಶ್ವವೈದ್ಯ’ವನ್ನು ರಚಿಸಿದ್ದಾನೆ. ಆದರೆ ಗ್ರಂಥದ ವಿದ್ಯೆ ಲಾಯದಲ್ಲಿ ದಿನದಿನವೂ ಕೈಗೆ ಇಳಿಯದಿದ್ದರೆ ಫಲವಿಲ್ಲ.

ಕುದುರೆಯ ಕಾಲಿಗೆ ಬೆರಳು ಒಂದೇ. ಅದರ ತುದಿಯ ಉಗುರೇ ಗೊರಸು. ನಾನೂರು ಐನೂರು ಕಿಲೋ ತೂಗುವ ದೇಹ ಈ ನಾಲ್ಕು ಉಗುರುಗಳ ಮೇಲೆ ನಿಂತಿದೆ. ಭಾರದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಮುಂಗಾಲುಗಳೇ ಹೊರುತ್ತವೆ. ಗೊರಸು ತಿಂಗಳಿಗೆ ಸುಮಾರು 8 ಮಿಲಿಮೀಟರ್ ಬೆಳೆಯುವುದರಿಂದ ಆರೇಳು ವಾರಗಳಿಗೊಮ್ಮೆ ಅದನ್ನು ಕತ್ತರಿಸಿ, ಸಮಮಾಡಿ, ಲಾಳವನ್ನು ಹೊಸದಾಗಿ ಕಟ್ಟಬೇಕು. ಗೊರಸು ಓರೆಯಾದರೆ ಭಾರವೂ ಓರೆಯಾಗುತ್ತದೆ. ಆ ತಪ್ಪಿಗೆ ಮೇಲಿನ ಕೀಲುಗಳು ದಂಡ ತೆರಬೇಕಾಗುತ್ತದೆ. ಕೀಲಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಒಮ್ಮೆ ಸವೆದದ್ದು ಮತ್ತೆ ಮೊದಲಿನಂತಾಗುವುದು ಕಷ್ಟ. ಆದುದರಿಂದಲೇ ಬಲ್ಲ ರಾವುತನು ಕುದುರೆಯನ್ನು ಮೊದಲು ಹತ್ತು ನಿಮಿಷ ಮೆಲ್ಲಗೆ ನಡೆಸಿ ಆಮೇಲೆ ಓಡಿಸುತ್ತಾನೆ. ಎರಡು ವರ್ಷದ ಮರಿ ನೋಟಕ್ಕೆ ಪೂರ್ಣ ಬೆಳೆದಂತೆ ಕಂಡರೂ ಅದರ ಬೆನ್ನೆಲುಬು ಬಲಿಯಲು ಐದು ವರ್ಷಗಳಾದರೂ ಬೇಕು.

ಮೈ ಉಜ್ಜುವುದು ಕೇವಲ ಅಲಂಕಾರವಲ್ಲ. ಗೊರಪದಿಂದ ಧೂಳನ್ನೆಬ್ಬಿಸಿ, ಕುಂಚದಿಂದ ಕೂದಲಿನ ದಿಕ್ಕಿಗೇ ಒರೆಸುವಾಗ ಕಾಸ್ತಾರನ ಕೈ ಮೈಯೆಲ್ಲವನ್ನೂ ಓದುತ್ತದೆ. ಎಲ್ಲಿ ಬಾವು, ಎಲ್ಲಿ ಬಿಸಿ, ಜೀನಿನ ಕೆಳಗೆ ಎಲ್ಲಿ ಗಾಯ ಎಂಬುದು ಅವನಿಗೆ ಆಗಲೇ ತಿಳಿಯಬೇಕು. ಕೊನೆಗೆ ಗೊರಸಿನ ತಳದ ಕಲ್ಲು, ಕೆಸರುಗಳನ್ನು ಕೊಕ್ಕೆಯಿಂದ ತೆಗೆಯಬೇಕು. ಮೇವಿನಲ್ಲಿಯೂ ಮಿತಿ ಅಗತ್ಯ. ಕುದುರೆ ವಾಂತಿ ಮಾಡಲಾರದು. ಅದರ ಜಠರವೂ ಚಿಕ್ಕದು. ಪ್ರೀತಿಯಿಂದ ಒಮ್ಮೆಲೇ ರಾಶಿ ಧಾನ್ಯವಿಟ್ಟರೆ ಹೊಟ್ಟೆನೋವಷ್ಟೇ ಅಲ್ಲ, ಗೊರಸಿನ ಒಳಪದರ ಊದಿ ಕುದುರೆ ಶಾಶ್ವತವಾಗಿ ಕುಂಟಾಗಲೂಬಹುದು.

ತಳಿ ತಳಿಗೂ ಲಕ್ಷಣ ಬೇರೆ. ಮಾರವಾಡಿ ಮತ್ತು ಕಾಠಿಯಾವಾಡಿ ಕುದುರೆಗಳ ಕಿವಿಗಳು ಒಳಕ್ಕೆ ಬಾಗಿ ತುದಿಗಳು ಒಂದನ್ನೊಂದು ಮುಟ್ಟುವಂತಿರುತ್ತವೆ. ಇವು ಮರಳುಗಾಡಿನ ಬಿಸಿಲಿಗೆ ಒಗ್ಗಿದ ಜೀವಗಳು. ಮಣಿಪುರದ ತಟ್ಟು ಸುಮಾರು ನಾಲ್ಕಡಿ ಎತ್ತರದ್ದಾದರೂ ಪೋಲೋ ಆಟದಲ್ಲಿ ಮಿಂಚಿನಂತೆ ತಿರುಗಬಲ್ಲದು. ಜೂಜಿನ ಮೈದಾನದ ಥರೋಬ್ರೆಡ್ ತಳಿ ಇಂಗ್ಲೆಂಡಿನಲ್ಲಿ ಪೂರ್ವದೇಶಗಳ ಮೂರು ಗಂಡುಕುದುರೆಗಳ ಸಂತತಿಯಾಗಿ ಬೆಳೆಯಿತು. ಅದರ ವೇಗ ಅಪ್ರತಿಮ. ಚರ್ಮ ಮಾತ್ರ ತೆಳು, ಗೊರಸೂ ಅನೇಕ ವೇಳೆ ತೆಳು. ಹೈದರ್ ಮತ್ತು ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ಲಿನ ಅಶ್ವಶಾಲೆ ಮೊದಲು ಸೈನ್ಯಕ್ಕೂ ಅನಂತರ ಜೂಜಿನ ಮೈದಾನಕ್ಕೂ ಕುದುರೆಗಳನ್ನು ಬೆಳೆಸಿತು. ಮರಳಿನ ತಳಿಗೆ ಒಪ್ಪುವ ಆರೈಕೆ ಮೈದಾನದ ತಳಿಗೆ ಸಾಲದು.

ಮೈಸೂರಿನ ಬೀದಿಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಟಾಂಗಾ ಉಳಿದಿದೆ. ಡಾಂಬರಿನ ಗಟ್ಟಿ ನೆಲದಲ್ಲಿ ಪ್ರತಿಯೊಂದು ಹೆಜ್ಜೆಯ ಪೆಟ್ಟೂ ಕೀಲಿಗೇ ತಟ್ಟುತ್ತದೆ. ಮಕ್ಕಳೊಡನೆ ಹತ್ತುವವರು ಕುದುರೆಯ ತಲೆಯ ತುರಾಯಿಗೆ ಮಾರುಹೋಗದೆ ಒಮ್ಮೆ ಅದರ ಕಾಲುಗಳನ್ನು ನೋಡುವುದು ಒಳಿತು. ಒಂದು ಕಾಲನ್ನೂರಲು ಅದು ಹಿಂಜರಿಯುತ್ತಿದ್ದರೆ, ನಡೆಯುವಾಗ ತಲೆ ಮೇಲೆ ಕೆಳಗೆ ಆಡುತ್ತಿದ್ದರೆ, ಆ ಮೂಕಜೀವಿ ತನ್ನ ನೋವನ್ನು ಹೇಳುತ್ತಿದೆಯೆಂದೇ ಅರ್ಥ. ಹೇರನ್ನು ಇಳಿಸಿ ವೈದ್ಯರನ್ನು ಕರೆಸುವ ಯಜಮಾನನ ಟಾಂಗಾ ಮರುವರ್ಷವೂ ಬೀದಿಯಲ್ಲಿರುತ್ತದೆ.