ಅವ್ವ ಕೊಡದ ಅಂಕ

ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತೇವೆ ಎಂದರೆ ಜನ ಮೊದಲು ಕೇಳುವುದು ಗಣಿತ, ಇಂಗ್ಲಿಷಿನ ಮಾತು. ಅದು ನನಗೆ ದೊಡ್ಡ ಚಿಂತೆಯಲ್ಲ. ಪಠ್ಯಪುಸ್ತಕಗಳಿವೆ, ಮೊಬೈಲಿನಲ್ಲಿ ಪಾಠಗಳಿವೆ, ತಿಳಿಯದ್ದನ್ನು ಕೇಳಲು ಊರಲ್ಲಿ ಮಾಸ್ತರರಿದ್ದಾರೆ. ನನ್ನ ಚಿಂತೆ ಬೇರೆ. ಪಾಠ ಹೇಳುವವಳು ನಾನೇ, ತಪ್ಪು ತಿದ್ದುವವಳು ನಾನೇ, ಶಾಭಾಸ್ ಅನ್ನುವವಳೂ ನಾನೇ. ಅವ್ವನನ್ನು ಒಪ್ಪಿಸಿದರೆ ಸಾಕು ಎಂಬುದು ಮಕ್ಕಳಿಗೆ ಬಹಳ ಬೇಗ ತಿಳಿಯುತ್ತದೆ. ಹಾಗಾಗಿ ಮನೆಯಲ್ಲಿ ಕಲಿಯುವ ಮಗುವಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಮುಖ ನೋಡಿ ಮಣೆ ಹಾಕದ ಒಬ್ಬ ಪರೀಕ್ಷಕ. ನಮ್ಮ ಮನೆಯ ಪಾಠದಲ್ಲಿ ಕೈಕೆಲಸಕ್ಕೆ ನಟ್ಟನಡುವಿನ ಜಾಗ ಕೊಟ್ಟದ್ದು ಇದಕ್ಕಾಗಿ. ಒಡೆದ ಮಣ್ಣು ಒಡೆದಂತೆಯೇ. ಅದಕ್ಕೆ ಅವ್ವನ ವಶೀಲಿ ನಡೆಯುವುದಿಲ್ಲ.

ಸವದತ್ತಿ ತಾಲೂಕಿನ ನಮ್ಮ ಸಿರಸಂಗಿ ಇಂಥ ಕಲಿಕೆಗೆ ಹೇಳಿ ಮಾಡಿಸಿದ ಊರು. ಇಲ್ಲಿಯ ಕಾಳಿಕಾದೇವಿ ವಿಶ್ವಕರ್ಮರ ಆರಾಧ್ಯ ದೇವತೆ. ಕಬ್ಬಿಣ, ಮರ, ಕಂಚು, ಕಲ್ಲು, ಬಂಗಾರ, ಹೀಗೆ ಐದು ಕಸುಬಿನ ಜನ ಯುಗಾದಿಯ ಜಾತ್ರೆಗೆ ದೂರದೂರದಿಂದ ಬರುತ್ತಾರೆ. ಕಂಬಾರ, ಬಡಿಗೇರ, ಪತ್ತಾರ ಎಂಬ ಅಡ್ಡಹೆಸರುಗಳು ನಮ್ಮ ಭಾಗದಲ್ಲಿ ಇಂದಿಗೂ ಮನೆಮನೆಯ ಬಾಗಿಲ ಮೇಲಿವೆ. ಈ ಮನೆಗಳಲ್ಲಿ ಮಕ್ಕಳು ತಲೆತಲಾಂತರದಿಂದ ಕಲಿತದ್ದು ಮನೆಯಲ್ಲೇ: ಅಪ್ಪ ಬಡಿಯುತ್ತಿದ್ದ, ಮಗ ತಿದಿ ಒತ್ತುತ್ತಿದ್ದ, ನೋಡುತ್ತ ನೋಡುತ್ತ ಸುತ್ತಿಗೆ ಅವನ ಕೈಗೆ ಬರುತ್ತಿತ್ತು.

ಹಳೆಯದೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಆ ಕಲಿಕೆ ಜಾತಿಯ ಗೋಡೆಯೊಳಗೆ ಇತ್ತು. ಬಡಿಗನ ಮಗ ಬಡಿಗನಾಗಲೇಬೇಕಿತ್ತು, ಇನ್ನೊಬ್ಬರ ಮಗನಿಗೆ ಉಳಿ ಹಿಡಿಯಲು ಯಾರೂ ಕಲಿಸುತ್ತಿರಲಿಲ್ಲ, ಹೆಣ್ಣುಮಕ್ಕಳನ್ನು ಕುಲುಮೆಯ ಹತ್ತಿರ ಕೂಡಿಸಿಕೊಳ್ಳುತ್ತಿರಲಿಲ್ಲ. ಆ ಗೋಡೆಯಲ್ಲಿ ಬಾಗಿಲು ತೆರೆದದ್ದು ಸಾರ್ವಜನಿಕ ಶಾಲೆ. ಅದಕ್ಕೂ ನಮ್ಮೂರೇ ಸಾಕ್ಷಿ. ಸಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವ ಮುನ್ನ ಸಂಸ್ಥಾನದ ಆಸ್ತಿಯನ್ನು ವಿದ್ಯಾದಾನಕ್ಕೆ ಬರೆದಿಟ್ಟರು. ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಕಾಲೇಜಿಗೆ ಅವರದೇ ಹೆಸರು. ಮನೆಯಲ್ಲಿ ಕಲಿಸುವ ನಾನು ಶಾಲೆಯನ್ನು ಹಳಿಯುವವಳಲ್ಲ. ನನ್ನ ಮಕ್ಕಳಿಗೆ ಬೇಕಾದದ್ದು ಆ ಹಳೆಯ ಮನೆಗಳ ಕಲಿಸುವ ರೀತಿ, ಆ ಗೋಡೆಯಲ್ಲ. ಕುಲುಮೆಯಲ್ಲಿ ಗಾಳಿಯಂತ್ರದ ಹಿಡಿಕೆ ಮಗನ ಕೈಗೆ ಬಂದಂತೆ ಮಗಳ ಕೈಗೂ ಬಂದಿದೆ. ಹಾಗೆ ಕೊಟ್ಟ ಕಂಬಾರ ಕಾಕಾನ ಬಗ್ಗೆ ನನಗೆ ತುಂಬ ಗೌರವ.

ಮಣ್ಣಿನಿಂದ ಶುರು ಮಾಡುತ್ತೇನೆ, ಏಕೆಂದರೆ ಅದಕ್ಕೆ ದುಡ್ಡು ಬೇಡ. ಕಾರ ಹುಣ್ಣಿಮೆ ಮುಗಿದು ಬರುವ ಅಮಾವಾಸ್ಯೆ ನಮ್ಮಲ್ಲಿ ಮಣ್ಣೆತ್ತಿನ ಅಮಾವಾಸ್ಯೆ. ಜೋಡಿ ಎತ್ತು, ಮುಂದೊಂದು ಗ್ವಾದಲಿ ಮಾಡಿ ಪೂಜೆಗೆ ಇಡುತ್ತೇವೆ. ಅದರ ಬೆನ್ನಿಗೇ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಭಾದ್ರಪದದಲ್ಲಿ ಗಣಪತಿ, ಜೋಕುಮಾರ. ಮಣ್ಣಿನ ಕೆಲಸಕ್ಕೆ ಇಷ್ಟು ಸೊಗಸಾದ ವಾರ್ಷಿಕ ಪಠ್ಯಕ್ರಮವನ್ನು ಯಾವ ಇಲಾಖೆಯೂ ಬರೆದಿಲ್ಲ. ಈಗ ಸಂತೆಯಲ್ಲಿ ಅಚ್ಚಿನ ಎತ್ತು ಸಿಗುತ್ತವೆ. ದಯಮಾಡಿ ಮಕ್ಕಳಿರುವ ಮನೆಗೆ ಅವನ್ನು ತರಬೇಡಿ.

ನಮ್ಮ ಎರೆಮಣ್ಣು ಸುಲಭಕ್ಕೆ ಬಗ್ಗುವಂಥದ್ದಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿಯುವುದೂ ಇದೇ ಕಾರಣಕ್ಕೆ. ಎತ್ತಿನ ಇಣಿ ದಪ್ಪ, ಕಾಲು ತೆಳು. ತೆಳುವಾದದ್ದು ಮೊದಲು ಒಣಗಿ ಕುಗ್ಗುತ್ತದೆ, ದಪ್ಪವಾದದ್ದು ಇನ್ನೂ ಹಸಿ ಇರುತ್ತದೆ, ನಡುವೆ ಸೀಳು ಬೀಳುತ್ತದೆ. ಮಗನ ಎತ್ತು ಬೆಳಗಾಗುವುದರೊಳಗೆ ಕುಂಟಾಗಿತ್ತು. ಅವನು ನನ್ನ ಮುಖ ನೋಡಲಿಲ್ಲ, ಎತ್ತಿನ ಕಾಲು ನೋಡಿದ. ಆಮೇಲೆ ಮಕ್ಕಳ ಆಯಿ ಹೇಳಿದರು: “ಮಣ್ಣಾಗ ಸ್ವಲ್ಪ ಅರಳಿ ಬಿಡಿಸಿ ಹಾಕು, ಜೋಡಿಸೂಮುಂದ ರಾಡಿ ಹಚ್ಚು, ಒದ್ದಿ ಅರಿವಿ ಹೊಚ್ಚಿ ನೆರಳಾಗ ಇಡು.” ಹತ್ತಿಯ ಎಳೆ ಮಣ್ಣನ್ನು ಹಿಡಿದಿಡುತ್ತದೆ, ಒದ್ದೆ ಬಟ್ಟೆ ಎಲ್ಲ ಕಡೆ ಒಂದೇ ಸಮನೆ ಒಣಗುವಂತೆ ಮಾಡುತ್ತದೆ.

ಇದೇ ಮಣ್ಣಿನಲ್ಲಿ ಶೇಕಡಾ ಲೆಕ್ಕವೂ ಇದೆ. ಹಸಿಮಣ್ಣಿನ ಹಲಗೆ ತಟ್ಟಿ ಅದರ ಮೇಲೆ ಕಡ್ಡಿಯಿಂದ ಸರಿಯಾಗಿ 10 ಸೆಂಟಿಮೀಟರ್ ಗೆರೆ ಎಳೆಯಿರಿ. ಪೂರ್ತಿ ಒಣಗಿದ ಮೇಲೆ ಮತ್ತೆ ಅಳೆಯಿರಿ. ಕಡಿಮೆಯಾದ ಪ್ರತಿ ಮಿಲಿಮೀಟರೂ ಶೇಕಡಾ ಒಂದು. ಬರೀ ಎರೆಮಣ್ಣಿನದು ಒಂದು ಹಲಗೆ, ಮರಳು ಬೆರೆಸಿದ್ದು ಒಂದು, ಕೆಂಪು ಮಸಾರಿಯದು ಒಂದು. ಮೂರನ್ನೂ ಸಾಲಾಗಿ ಇಟ್ಟರೆ ಕುಂಬಾರರು ಕಂಡ ಕಂಡ ಮಣ್ಣನ್ನು ಏಕೆ ತಿಗರಿಗೆ ಹಾಕುವುದಿಲ್ಲ ಎಂಬುದು ಮಗುವಿಗೆ ತಾನಾಗಿ ತಿಳಿಯುತ್ತದೆ.

ಇನ್ನು ಚಕ್ಕಡಿಯ ಗಾಲಿ. ರಬ್ಬರ್ ಟೈರು ಬಂದ ಮೇಲೆ ಕಟ್ಟಿಗೆಯ ಗಾಲಿಗೆ ಕಬ್ಬಿಣದ ಹಳಿ ಏರಿಸುವುದು ಅಪರೂಪವಾಗಿದೆ. ಎಲ್ಲಾದರೂ ನಡೆಯುವ ಸುದ್ದಿ ಬಂದರೆ ಆ ದಿನದ ಉಳಿದ ಪಾಠ ಬಿಟ್ಟು ಮಕ್ಕಳನ್ನು ಕರೆದುಕೊಂಡು ಹೋಗಿ. ಬಡಿಗ ಮಾಡಿದ ಗಾಲಿಗಿಂತ ಹಳಿ ಒಂದಿಷ್ಟು ಸಣ್ಣದೇ ಇರುತ್ತದೆ. ಅದರ ಸುತ್ತ ಕುಳ್ಳು ಒಟ್ಟಿ ಬೆಂಕಿ ಹಾಕುತ್ತಾರೆ. ಐದು ಅಡಿ ಅಡ್ಡಳತೆಯ ಗಾಲಿಯ ಸುತ್ತಳತೆ ಹದಿನೈದೂ ಮುಕ್ಕಾಲು ಅಡಿಯಷ್ಟು. ಐನೂರು ಡಿಗ್ರಿ ಕಾದರೆ ಅಷ್ಟುದ್ದದ ಕಬ್ಬಿಣ ಸುಮಾರು ಮೂರು ಸೆಂಟಿಮೀಟರ್ ಹಿಗ್ಗುತ್ತದೆ. ಹಿಗ್ಗಿದ ಹಳಿಯನ್ನು ಇಕ್ಕಳದಲ್ಲಿ ಹಿಡಿದು ತಂದು ಗಾಲಿಗೆ ಕೂಡಿಸಿ, ಕಟ್ಟಿಗೆ ಹೊತ್ತಿಕೊಳ್ಳುವ ಮೊದಲೇ ಕೊಡಗಟ್ಟಲೆ ನೀರು ಸುರಿಯುತ್ತಾರೆ. ಹಳಿ ಕುಗ್ಗುತ್ತ ಗಾಲಿಯ ಕೀಲುಗಳನ್ನೆಲ್ಲ ಬಿಗಿಯುತ್ತದೆ. ಕಟ್ಟಿಗೆ ಲಟಲಟ ಅನ್ನುವುದು ಕಿವಿಗೆ ಕೇಳುತ್ತದೆ. ಉಷ್ಣಕ್ಕೆ ಲೋಹ ಹಿಗ್ಗುತ್ತದೆ ಎಂಬ ವಾಕ್ಯವನ್ನು ಮಗಳು ಪುಸ್ತಕದಲ್ಲಿ ಮೊದಲೇ ಓದಿದ್ದಳು. ಅಂದು ಮನೆಗೆ ಬಂದವಳೇ ದಾರ ತಗೊಂಡು ಬಕೆಟ್ಟು, ಪರಾತ, ಬಾನಿಗಳ ಸುತ್ತಳತೆ, ಅಡ್ಡಳತೆ ಅಳೆದು ಭಾಗಿಸುತ್ತ ಕೂತಳು. ಎಲ್ಲದಕ್ಕೂ ಮೂರು ಚಿಲ್ಲರೆಯೇ ಏಕೆ ಬರುತ್ತದೆ ಎಂದು ಕೇಳಿದಳು. ಪೈ ಎಂಬ ಅಕ್ಷರವನ್ನು ನಾನು ಅವಳಿಗೆ ಬರೆದು ತೋರಿಸಿದ್ದು ಆಗ.

ಕುಲುಮೆಯಲ್ಲಿ ಮಕ್ಕಳಿಗೆ ಗಾಳಿ ಹಾಕುವುದು, ನೋಡುವುದು ಬಿಟ್ಟರೆ ಬೇರೆ ಕೆಲಸ ಕೊಡಬಾರದು. ನೋಡುವುದರಲ್ಲೇ ಬೇಕಾದಷ್ಟಿದೆ. ಕಬ್ಬಿಣದ ಬಣ್ಣವೇ ಅಲ್ಲಿ ಉಷ್ಣಮಾಪಕ. ಮಬ್ಬುಗೆಂಪು, ಕೆಂಪು, ಕಿತ್ತಳೆ, ಹಳದಿ, ಒಂದೊಂದೂ ಹಿಂದಿನದಕ್ಕಿಂತ ಹೆಚ್ಚಿನ ಕಾವು. “ಕೆಂಪಿದ್ದಾಗ ಬಡಿಬೇಕು ತಂಗಿ, ಕಪ್ಪಾದ ಮ್ಯಾಲೆ ಬಡಿದ್ರ ಅದು ಮಾತು ಕೇಳೂದಿಲ್ಲ” ಎನ್ನುತ್ತಾರೆ ಕಂಬಾರ ಕಾಕಾ. ಕುಡುಗೋಲಿನ ಬಾಯಿಗೆ ಹದ ಹಾಕುವಾಗ ಕೆಂಪಾದ ಉಕ್ಕನ್ನು ನೀರಿಗೆ ಅದ್ದುತ್ತಾರೆ. ಅದು ಗಟ್ಟಿಯಾಗುತ್ತದೆ, ಆದರೆ ಗಾಜಿನಂತೆ ಮುರಿಯುವ ಗುಣವೂ ಬರುತ್ತದೆ. ಮತ್ತೆ ಮೆಲ್ಲಗೆ ಕಾಯಿಸಿ ಆ ಬಿರುಸನ್ನು ತುಸು ಇಳಿಸುತ್ತಾರೆ. ಹದ ಕೂತಿದೆಯೋ ಇಲ್ಲವೋ ಎಂಬುದನ್ನು ಕೊನೆಗೆ ಹೇಳುವುದು ಸುಗ್ಗಿಯ ಜೋಳದ ದಂಟು.

ಕಸೂತಿಯನ್ನು ಮಗನಿಗೂ ಕಲಿಸುತ್ತಿದ್ದೇವೆ. ನಮ್ಮ ಧಾರವಾಡ, ಬೆಳಗಾವಿ ಕಡೆಯ ಈ ಕಲೆಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ, ದಾರಕ್ಕೆ ಗಂಟು ಹಾಕುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಸೂಜಿ ಹಾಕಬೇಕು. ಗಾವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಗಾವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತದೆ, ಅದೇ ದಾರಿಯಲ್ಲಿ ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಬಟ್ಟೆಯ ಎರಡೂ ಮಗ್ಗುಲು ಒಂದೇ ತರ ಕಾಣಬೇಕು. ಗೋಪುರ, ತೇರು, ತುಳಸಿಕಟ್ಟೆಯಂಥ ಕವಲೊಡೆಯುವ ಚಿತ್ರ ಬಂದಾಗ ಮಗು ತಡೆದು ಯೋಚಿಸುತ್ತದೆ. ಯಾವ ಕವಲಿಗೆ ಮೊದಲು ಹೋಗಬೇಕು? ಸೂಜಿ ನಡುವೆ ಸಿಕ್ಕಿಬೀಳದೆ ಶುರುವಾದಲ್ಲಿಗೆ ಮರಳುವುದು ಹೇಗೆ? 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಒಂದೊಂದು ಸಲವೇ ದಾಟಿ ಬರಲು ಆಗದು ಎಂದು ತೋರಿಸಿದ. ಅದೇ ಪ್ರತಿ ಸೇತುವೆಯನ್ನು ಎರಡೆರಡು ಸಲ ದಾಟಲು ಬಿಟ್ಟರೆ ಹೊರಟಲ್ಲಿಗೆ ಮರಳುವ ದಾರಿ ಇದ್ದೇ ಇರುತ್ತದೆ. ಗಾವಂತಿ ಪ್ರತಿ ಗೆರೆಯನ್ನೂ ಎರಡು ಸಲ ತುಳಿಯುತ್ತದೆ. ನಮ್ಮ ಅತ್ತೆ ಆಯ್ಲರನ ಹೆಸರು ಕೇಳಿದವರಲ್ಲ. ಆದರೆ ಬಟ್ಟೆಯನ್ನು ಹಿಂದುಮುಂದು ಮಾಡಿ ನೋಡಿ ಎಲ್ಲಿ ದಾರಿ ತಪ್ಪಿದೆ ಎಂದು ಕ್ಷಣದಲ್ಲಿ ಬೆರಳಿಡುತ್ತಾರೆ. ಕಲಿಯುವವರು ಇಳಕಲ್ ಸೀರೆಗೆ ಕೈ ಹಾಕುವುದು ಬೇಡ, ಎಳೆಗಳು ಎದ್ದು ಕಾಣುವ ಮ್ಯಾಟಿ ಬಟ್ಟೆ ಸಾಕು.

ಕೈಕೆಲಸವನ್ನೇ ಪಾಠ ಮಾಡುವ ಈ ವಿಚಾರಕ್ಕೆ ನಮ್ಮ ಜಿಲ್ಲೆಯ ನಂಟೂ ಇದೆ. ಗಾಂಧೀಜಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ತಮ್ಮ ಮಕ್ಕಳಿಗೂ ಅಲ್ಲಿದ್ದ ಇತರ ಮಕ್ಕಳಿಗೂ ತಾವೇ ಪಾಠ ಹೇಳುತ್ತಿದ್ದರು. ಗೆಳೆಯ ಕಾಲೆನ್‌ಬಾಕ್ ಕ್ರೈಸ್ತ ಸನ್ಯಾಸಿಗಳ ಮಠವೊಂದರಲ್ಲಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದರು, ಅವರಿಂದ ಗಾಂಧೀಜಿ ಕಲಿತು ಮಕ್ಕಳಿಗೆ ಕಲಿಸಿದರು. 1937ರ ಏಪ್ರಿಲ್‌ನಲ್ಲಿ ಗಾಂಧಿ ಸೇವಾ ಸಂಘದ ಸಭೆಗೆಂದು ಅವರು ನಮ್ಮ ಜಿಲ್ಲೆಯ ಹುದಲಿಗೆ ಬಂದಿದ್ದರು. ಗಂಗಾಧರರಾವ ದೇಶಪಾಂಡೆಯವರು ಖಾದಿಯ ಕೆಲಸ ಕಟ್ಟಿದ ಊರು ಅದು. ಅದೇ ವರ್ಷ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಕಸುಬಿನ ಮೂಲಕ ಎಲ್ಲ ವಿಷಯ ಕಲಿಸುವ ನಯೀ ತಾಲೀಮಿನ ಮಾತು ದೇಶದ ಮುಂದೆ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಚೀಲ ಬಿಟ್ಟು ಬಡಿಗರು, ಕುಂಬಾರರು, ತೋಟಗಾರರ ಹತ್ತಿರ ಕಲಿಯಲಿ ಎನ್ನುತ್ತದೆ. ಹತ್ತು ದಿನ ಬಹಳ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಹತ್ತು ದಿನದಲ್ಲಿ ತಕಲಿಯ ನೂಲು ಕಡಿಯುವುದೇ ನಿಲ್ಲುವುದಿಲ್ಲ. ತಿರುವು ಕಡಿಮೆಯಾದರೆ ಎಳೆ ಜಾರಿ ಹರಿಯುತ್ತದೆ, ಹೆಚ್ಚಾದರೆ ಸುತ್ತಿಕೊಂಡು ಗಂಟಾಗುತ್ತದೆ. ನಡುವಿನ ಹದವನ್ನು ಬಾಯಿಮಾತಿನಲ್ಲಿ ಹೇಳಿಕೊಡಲು ಬರುವುದಿಲ್ಲ.

ಕಾನೂನಿನ ಬಗ್ಗೆ ಕೇಳುವವರಿಗೆ ಎರಡು ಮಾತು. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಉಚಿತ, ಕಡ್ಡಾಯ ಶಿಕ್ಷಣದ್ದು. ಮನೆಯಲ್ಲಿ ಕಲಿಸುವವರಿಗೆಂದು ಅದರಲ್ಲಿ ಬೇರೆ ಕಲಂ ಇಲ್ಲ. ಪರೀಕ್ಷೆಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ. 14 ತುಂಬಿದವರು ಅಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಕಟ್ಟಬಹುದು. ಅದಕ್ಕಿಂತ ಚಿಕ್ಕವರಿಗೆ 3, 5, 8ನೇ ತರಗತಿಗೆ ಸಮನಾದ ಮೂರು ಹಂತಗಳಿವೆ.

ಪೇಟೆಯಲ್ಲಿ ಸಿಗುವ ಕ್ರಾಫ್ಟ್ ಕಿಟ್‌ಗಳನ್ನು ನಾನು ತರುವುದಿಲ್ಲ. ಏನು ಆಗಬೇಕು ಎಂಬ ಚಿತ್ರ ಡಬ್ಬಿಯ ಮೇಲೇ ಇರುತ್ತದೆ, ಕತ್ತರಿಸಿದ ತುಂಡುಗಳು ಒಳಗಿರುತ್ತವೆ, ಅಂಟು ಹಚ್ಚಿದರೆ ಮುಗಿಯಿತು. ಮಾಡಿದ ಮೇಲೆ ಅದನ್ನು ಯಾರೂ ಬಳಸುವುದೂ ಇಲ್ಲ. ಮಗು ಮಾಡಿದ ವಸ್ತು ಮನೆಯಲ್ಲಿ ದುಡಿಯಬೇಕು. ಹಳೇ ಸೀರೆಯ ಕೌದಿಯ ಒಂದು ಮೂಲೆ ಹೊಲಿಯಲಿ, ಅದನ್ನು ಹೊದ್ದವರಿಗೆ ಹೊಲಿಗೆ ಬಿಟ್ಟದ್ದು ಗೊತ್ತಾಗುತ್ತದೆ.

ಹತಾರಗಳು ಆಟಿಕೆಯವು ಬೇಡ. ಚಿಕ್ಕವೇ ಆದರೂ ನಿಜವಾದವು, ಹರಿತವಾದವು ಇರಲಿ. ಮೊಂಡ ಉಳಿಗೆ ಹೆಚ್ಚು ಒತ್ತು ಕೊಡಬೇಕು, ಜಾರಿ ಕೈಗೆ ತಾಗುವುದು ಅದೇ. ಕಟ್ಟಿಗೆಯನ್ನು ಕೈಯಲ್ಲಿ ಹಿಡಿದು ಕೊಯ್ಯಲು ಬಿಡಬೇಡಿ, ಏನಕ್ಕಾದರೂ ಬಿಗಿದುಕೊಡಿ. ಇನ್ನೊಂದು ಕೈ ಉಳಿಯ ಮೊನೆಯ ಮುಂದೆ ಎಂದೂ ಬರಬಾರದು. ಬಡಿಗೇರ ಅಜ್ಜನ ಹತ್ತಿರ ಮಕ್ಕಳಿಗೆ ಸಿಕ್ಕ ಮೊದಲ ಪಾಠ ಇದೇ.

ಸದ್ಯ ಮಗ ಆಯಿಗೆ ಕೂಡಲು ಮಣೆ ಮಾಡುವ ಹಟದಲ್ಲಿದ್ದಾನೆ. ಬೇವಿನ ಹಲಗೆ ಸಿಕ್ಕಿದೆ, ಆದರೆ ಹಸಿ ಇದೆ. ಈಗಲೇ ಕೊಯ್ದರೆ ಮಣೆಯಾದ ಮೇಲೆ ಡೊಂಕಾಗುತ್ತದೆ ಎಂದು ಅಜ್ಜ ತಡೆದಿದ್ದಾರೆ. ಒಣಗಿತೆಂದು ತಿಳಿಯುವುದು ಹೇಗೆ ಎಂದು ಇವನು ಕೇಳಿದ. “ತೂಗಿ ನೋಡು, ತೂಕ ಇಳಿಯೂದು ನಿಂತ ಮ್ಯಾಲೆ ಬಾ” ಅಂದರು. ಈಗ ವಾರಕ್ಕೊಮ್ಮೆ ಹಲಗೆಯನ್ನು ಕಿರಾಣಿ ಅಂಗಡಿಯ ತಕ್ಕಡಿಗೆ ಹೊತ್ತುಕೊಂಡು ಹೋಗಿ, ತಾರೀಖು ಹಾಕಿ ತೂಕ ಬರೆದುಕೊಂಡು ಬರುತ್ತಿದ್ದಾನೆ. ಮೊದಲ ವಾರಗಳಲ್ಲಿ ಭರಭರ ಇಳಿದದ್ದು ಈಗ ನಿಧಾನವಾಗಿದೆ, ಇನ್ನೂ ನಿಂತಿಲ್ಲ.